ಈರುಳ್ಳಿ ಒಣಗಿಸಿದ ರೆಕ್ಕೆ

ವಿಮಾನಕ್ಕೆ ಹಳದಿ ಬಣ್ಣವೋ ಬೆಳ್ಳಿ ಬಣ್ಣವೋ ಎಂದು ನಮ್ಮ ಗುಂಪಿನಲ್ಲಿ ಜಗಳ ಹತ್ತಿದಾಗ, ಬಣ್ಣ ಬಳಿಯುವುದಕ್ಕೆ ಆ ವಿಮಾನಕ್ಕೆ ಮೈಯೇ ಇರಲಿಲ್ಲ. ಅಜ್ಜಂಪುರದ ಒಂದು ಈರುಳ್ಳಿ ಗೋದಾಮಿನಲ್ಲಿ ಅದರ ಕಬ್ಬಿಣದ ಕೊಳವೆಯ ಗೂಡು, ಬಾಲ ಮತ್ತು ಎರಡು ಮರದ ರೆಕ್ಕೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಎಂಜಿನ್ನು ಎಂದೋ ಹೋಗಿತ್ತು. ಮೈಗೆ ಹೊದಿಸಿದ್ದ ಬಟ್ಟೆ ಅಲ್ಲೊಂದು ಚೂರು ಇಲ್ಲೊಂದು ಚೂರು ಉಳಿದಿತ್ತು. ಆದರೂ ಬೆಳಗ್ಗೆ ಎದ್ದು ಮೊಬೈಲು ನೋಡಿದರೆ ಬಣ್ಣದ ಮೇಲೆ ಬರೆದ ಉದ್ದುದ್ದ ಪ್ರಬಂಧಗಳು ಬಂದಿರುತ್ತಿದ್ದವು. ಹಳೆಯ ವಿಮಾನಗಳ ಮೇಲೆ ಪ್ರೀತಿ ಇರುವವರೆಲ್ಲ ಸೇರಿ ಮಾಡಿಕೊಂಡ ಗುಂಪು ಅದು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಕೈಯಲ್ಲಿ ಉಪ್ಪು ಕಾಗದ ಹಿಡಿದು ತುಕ್ಕು ಉಜ್ಜುವುದಕ್ಕೆ ಮಾತ್ರ ನಾನೊಬ್ಬನೇ ಇದ್ದೆ.

ನಾನು ಕಡೂರಿನಲ್ಲಿ ಬೈಕು, ಟ್ರ್ಯಾಕ್ಟರುಗಳ ಸೀಟು ಹೊಲಿಯುವವನು. ಅದಕ್ಕೂ ಮುಂಚೆ ಒಂದು ವಿಮಾನ ತರಬೇತಿ ಶಾಲೆಯಲ್ಲಿ ರೆಕ್ಕೆಗಳಿಗೆ ಬಟ್ಟೆ ಹೊದಿಸುವ ಕೆಲಸ ಮಾಡುತ್ತಿದ್ದೆ. ಈಗ ಆ ಕೆಲಸ ಯಾರಿಗೂ ಬೇಡ. ಹಾಗಾಗಿ ಗುಂಪಿನವರು ಕೇಳಿದಾಗ ಒಂದು ಮಾತೂ ಆಡದೆ ಒಪ್ಪಿಬಿಟ್ಟೆ. ಆಮೇಲೆ ಆಡಿದ ಮಾತಿಗೆ ಲೆಕ್ಕವಿಲ್ಲ.

ವಿಮಾನದ ಕಥೆ ಇಷ್ಟು. ಎರಡೇ ಸೀಟಿನ ತರಬೇತಿ ವಿಮಾನ. ಎಂಜಿನ್ನು ಕೈಕೊಟ್ಟು ಎಮ್ಮೆದೊಡ್ಡಿ ಕಾವಲಿನಲ್ಲಿ ಇಳಿದಿತ್ತು. ಇಳಿದದ್ದು ಸರಿಯಾಗಿಯೇ, ಓಡುತ್ತ ಹೋಗಿ ಒಂದು ಹುತ್ತಕ್ಕೆ ಬಡಿದು ಗಾಲಿ ಮುರಿದುಕೊಂಡಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ವಿಮಾನದವರು ಎಂಜಿನ್ನು ಬಿಚ್ಚಿಕೊಂಡು ಉಳಿದದ್ದನ್ನು ಅಲ್ಲೇ ಹರಾಜು ಹಾಕಿದರು. ದನದ ವಿಷಯಕ್ಕೆ ಆ ಕಡೆ ಹೋಗಿದ್ದ ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು ನೋಡಲು ನಿಂತರು, ಹರಾಜು ಕಂಡ ಮೇಲೆ ಸುಮ್ಮನಿರಲಾಗದೆ ಒಂದು ಸವಾಲು ಕೂಗಿದರು. ಅವರ ಮೇಲೆ ಇನ್ನೊಬ್ಬರು ಕೂಗಲಿಲ್ಲ.

ಆಗ ಮೀಸೆ ಚಿಗುರಿದ್ದ ಆ ವ್ಯಾಪಾರಿಗೆ ಈಗ ಮೊಮ್ಮಕ್ಕಳಿದ್ದಾರೆ. ಮಂಡಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ, ಬೆನ್ನ ಹಿಂದೆ ವಿಮಾನದಪ್ಪ ಎನ್ನುತ್ತಾರೆ. ವ್ಯಾಪಾರ ನೋಡಿಕೊಳ್ಳುವುದು ಸೊಸೆ. ಹಳೇ ಗೋದಾಮಿನ ಹೆಂಚು ತೆಗೆಸಿ, ಗಾಳಿ ಆಡುವ ಹೊಸ ಶೆಡ್ಡು ಕಟ್ಟಿಸಬೇಕೆಂದು ಆಕೆ ತೀರ್ಮಾನ ಮಾಡಿದ್ದರಿಂದಲೇ ವಿಮಾನದ ವಿಷಯ ಹೊರಗೆ ಬಂದದ್ದು. ಆಕೆ ನನಗೆ ಮೊದಲನೇ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. ಗಣೇಶನ ಹಬ್ಬ ಮುಗಿದ ಕೂಡಲೇ ಗೋದಾಮು ಖಾಲಿಯಾಗಬೇಕು, ಹೊಸ ಈರುಳ್ಳಿ ಬರುವುದರೊಳಗೆ ಶೆಡ್ಡು ಏಳಬೇಕು, ಅಷ್ಟರಲ್ಲಿ ಯಾರೂ ಒಯ್ಯದಿದ್ದರೆ ಗುಜರಿಯವನು ಬರುತ್ತಾನೆ. ಬೆಂಗಳೂರಿನ ಒಂದು ಸಂಗ್ರಹಾಲಯದವರು ನೋಡಲು ಬರುತ್ತೇವೆ ಎಂದಿದ್ದರು. ಅವರು ಒಪ್ಪಿದರೆ ವಿಮಾನ ಉಳಿಯುತ್ತದೆ, ಇಲ್ಲದಿದ್ದರೆ ತೂಕಕ್ಕೆ ಹೋಗುತ್ತದೆ.

ಯಜಮಾನರು ನನ್ನನ್ನು ಗೋದಾಮಿನೊಳಗೆ ಕರೆದುಕೊಂಡು ಹೋದವರು ನೇರವಾಗಿ ಹಿಂದಿನ ಗೋಡೆಯ ಕಡೆ ನಡೆದರು. ಅಲ್ಲಿ ಮರದ ಆಸರೆಗಳ ಮೇಲೆ ಎಡ ರೆಕ್ಕೆ ಇತ್ತು. ಅದಕ್ಕೆ ತಾಡಪಾಲು ಸುತ್ತಿ, ದಬ್ಬಳದಿಂದ ಹೊಲಿದು, ಅದರ ಮೇಲೆ ಇನ್ನೊಂದು ತಾಡಪಾಲು ಸುತ್ತಿ, ಮತ್ತೆ ಹೊಲಿದಿದ್ದರು. ಒಂದು ಹಳತಾದರೆ ಅದರ ಮೇಲೆ ಹೊಸದು, ಹೀಗೆ ಎಷ್ಟು ಪದರವಿತ್ತೋ. ಪ್ರತಿ ಆಯುಧ ಪೂಜೆಗೂ ಮೇಲಿಂದಲೇ ವಿಭೂತಿ ಹಚ್ಚಿ ಹೂವು ಇಡುತ್ತಿದ್ದರಂತೆ.

"ಒಂದ್ ಹನಿ ನೀರು, ಒಂದ್ ಚೂರು ಗಾಳಿ ಬಿಟ್ಟಿಲ್ಲ ಕಣಪ್ಪಾ. ಹೆಂಗಿತ್ತೋ ಹಂಗೇ ಐತೆ," ಎಂದರು.

ಬಲ ರೆಕ್ಕೆಯ ಬಗ್ಗೆ ಕೇಳಿದರೆ ಅವರು ಮುಖ ಆ ಕಡೆ ತಿರುಗಿಸಿ ಮೇಲೆ ಕೈ ತೋರಿಸಿದರು. ಅದನ್ನು ತೊಲೆಗೆ ಹಗ್ಗ ಕಟ್ಟಿ ಅಡ್ಡಡ್ಡಲಾಗಿ ನೇತುಹಾಕಿದ್ದರು. ಬಟ್ಟೆ ಪೂರ್ತಿ ತೆಗೆದಿದ್ದರು. ರೆಕ್ಕೆಯ ಪಕ್ಕೆಲುಬುಗಳಂತಿದ್ದ ಮರದ ಅಡ್ಡಪಟ್ಟಿಗಳ ಮೇಲೆ ಬಿದಿರಿನ ದಬ್ಬೆಗಳನ್ನು ಸಾಲಾಗಿ ಕಟ್ಟಿ ಅಟ್ಟಣಿಗೆ ಮಾಡಿದ್ದರು. ಅದರ ಮೇಲೆ ಒಣಗಲು ಹರವಿದ್ದ ಬಿತ್ತನೆ ಈರುಳ್ಳಿ ಆಗಲೂ ಇತ್ತು. ಒಂದು ವರ್ಷ ಬೆಳೆ ಮಳೆಗೆ ಸಿಕ್ಕಿ ಜಾಗ ಸಾಲದೆ ಹಾಗೆ ಮಾಡಿದ್ದಂತೆ, ಆಮೇಲೆ ಅದೇ ರೂಢಿಯಾಯಿತು. ಅದನ್ನು ಹೇಳುವಾಗ ಅವರ ದನಿ ತಗ್ಗಿತು. ನೋಡಲು ಬಂದವರೆಲ್ಲ ಆ ರೆಕ್ಕೆ ನೋಡಿ ನಕ್ಕು ಹೋಗಿದ್ದರು.

ನಮ್ಮ ಗುಂಪಿನವರೂ ನಕ್ಕರು. ತರೀಕೆರೆಯಲ್ಲಿ ನೆಲೆಸಿದ್ದ ನಿವೃತ್ತ ಪೈಲಟ್ ಒಬ್ಬರಿದ್ದರು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದೆವು. ಇನ್ನೊಬ್ಬರು ಕಡೂರಿನ ಇತಿಹಾಸದ ಮೇಷ್ಟ್ರು. ಫೋನಿನಲ್ಲಿ ಬರೆಯುವವರು ಬಹಳ ಇದ್ದರೂ ಗೋದಾಮಿನವರೆಗೆ ಬರುತ್ತಿದ್ದವರು ಇವರಿಬ್ಬರೇ. ಚರಿತ್ರೆಯ ಒಂದು ವಸ್ತುವನ್ನು ಈರುಳ್ಳಿ ಹಾಕಿ ಹಾಳು ಮಾಡಿದ್ದಾರೆ ಎಂದು ಮೇಷ್ಟ್ರು ಯಜಮಾನರಿಗೆ ಕೇಳಿಸುವಂತೆಯೇ ಅಂದರು. ಯಜಮಾನರು ತಲೆ ತಗ್ಗಿಸಿಕೊಂಡು ಮಂಡಿಯ ಕಡೆ ಹೋದರು. ನನಗೆ ಮೈ ಉರಿಯಿತು, ಆದರೆ ಅವತ್ತು ನಾನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆ.

ಕೆಲಸ ಬಾಲದಿಂದ ಶುರು ಮಾಡಿದೆ. ಚಿಕ್ಕ ಭಾಗ, ತಪ್ಪಾದರೂ ಬಟ್ಟೆ ಕಡಿಮೆ ಹಾಳು. ತುಕ್ಕು ಉಜ್ಜಿ, ಕೊಳವೆಗಳಿಗೆ ಬಣ್ಣ ಬಳಿದು, ಬಟ್ಟೆ ಹೊದಿಸಬೇಕು. ಯಾವ ಬಟ್ಟೆ ಎನ್ನುವುದಕ್ಕೆ ಮತ್ತೆ ಜಗಳ. ಮೇಷ್ಟ್ರು ಬಾಳಿಕೆ ಬರುವ ನೈಲಾನ್ ಜಾತಿಯದು ಇರಲಿ ಎಂದರು. ಕ್ಯಾಪ್ಟನ್ ಹತ್ತಿಯೇ ಆಗಬೇಕು ಎಂದು ಹಟ ಹಿಡಿದರು. ಇದೊಂದು ಅವರು ಹೇಳಿದ್ದು ಸರಿ, ಆ ಕಾಲದ ವಿಮಾನಕ್ಕೆ ಹತ್ತಿಯೇ ಸರಿ. ಆದರೆ ಆ ಒಂದು ಮಾತು ಹೇಳುವುದಕ್ಕೆ ತಮ್ಮ ಇಡೀ ಸರ್ವೀಸು ಹೇಳಿದರು.

ಹೊದಿಸಿದ ಬಟ್ಟೆಯ ಮೇಲೆ ಡೋಪ್ ಎಂಬ ದ್ರವ ಬಳಿಯುತ್ತೇವೆ. ಅದು ಒಣಗುತ್ತ ಬಟ್ಟೆಯನ್ನು ಎಳೆದು ತಮಟೆಯ ಚರ್ಮದಂತೆ ಬಿಗಿ ಮಾಡುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಮಾತ್ರ ಅದು ಬಿಳಿಚಿಕೊಂಡು ಗಟ್ಟಿ ಹಿಡಿಯುವುದಿಲ್ಲ. ಶ್ರಾವಣದ ಜಡಿ ಮಳೆ ಹಿಡಿದಿತ್ತು. ಮೊದಲ ಸಲ ಬಳಿದದ್ದು ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಕೆರೆದು ತೆಗೆದೆ. ಎರಡನೇ ಸಲವೂ ಹಾಗೇ. ಬೀರೂರು ದಾಟಿ ಬೈಕಿನಲ್ಲಿ ನೆನೆದುಕೊಂಡು ಬಂದು, ಮಾಡಿದ್ದನ್ನೇ ಕೆರೆಯುವುದು ನನ್ನ ದಿನಚರಿಯಾಯಿತು. ಕೊನೆಗೆ ಸೊಸೆ ಈರುಳ್ಳಿ ಒಣಗಿಸುವ ದೊಡ್ಡ ಫ್ಯಾನುಗಳನ್ನು ಕೊಟ್ಟು ಕೋಣೆಯೊಂದನ್ನು ಬೆಚ್ಚಗೆ ಮಾಡಿಸಿಕೊಟ್ಟರು. ಮೂರನೇ ಸಲ ಬಟ್ಟೆ ಬಿಗಿಯಿತು. ಬೆರಳಿನಿಂದ ತಟ್ಟಿದರೆ ದನಿ ಬಂತು. ನನಗೆ ಖುಷಿಯಾಯಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಆ ಖುಷಿ ಕೈಕಾಲು ತೊಳೆದುಕೊಂಡು ಬರುವಷ್ಟು ಹೊತ್ತೂ ಉಳಿಯಲಿಲ್ಲ. ಬಂದು ನೋಡಿದರೆ ಮೇಷ್ಟ್ರು ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಬಾಲದ ಮುಂದೆ ನಿಂತಿದ್ದರು. ಶುಭ ಕಾರ್ಯ, ಆರತಿ ಆಗಲಿ, ಗುಂಪಿಗೆ ಒಂದು ಫೋಟೋ ಹಾಕೋಣ ಎಂದು ಅವರ ಲೆಕ್ಕ. ಡೋಪಿನ ಆವಿ ಕೋಣೆ ತುಂಬ ಇತ್ತು. ಒಂದು ಕಡ್ಡಿ ಗೀರಿದ್ದರೆ ಬಾಲ, ಗೋದಾಮು, ಮೇಷ್ಟ್ರು, ಇತಿಹಾಸ ಎಲ್ಲ ಒಟ್ಟಿಗೆ ಹೋಗುತ್ತಿತ್ತು. ನಾನು ಬೆಂಕಿಪೊಟ್ಟಣ ಕಿತ್ತುಕೊಂಡು ಅಂಗಳದ ಕೆಸರಿಗೆ ಎಸೆದೆ. ಏನೇನು ಬೈದೆನೋ ಜ್ಞಾಪಕವಿಲ್ಲ. ದೇವರ ಕಾರ್ಯಕ್ಕೆ ಅಡ್ಡ ಬಂದೆ ಎಂದು ಅವರು ಎರಡು ದಿನ ಮುನಿಸಿಕೊಂಡು ಬರಲಿಲ್ಲ. ಆ ಎರಡು ದಿನ ಕೆಲಸ ಚೆನ್ನಾಗಿ ಸಾಗಿತು.

ಎಡ ರೆಕ್ಕೆಯನ್ನು ಶ್ರಾವಣ ಸೋಮವಾರವೇ ಬಿಚ್ಚಬೇಕು ಎಂದು ಯಜಮಾನರು ಹೇಳಿದ್ದರು. ಸಮಯ ಉಳಿಯಲಿ ಎಂದು ನಾನು ಮೇಲೆ ನೇತಾಡುತ್ತಿದ್ದ ಬಲ ರೆಕ್ಕೆಯ ಅಳತೆ ತೆಗೆದು, ಅದನ್ನು ತಿರುವುಮುರುವು ಮಾಡಿ ಎಡ ರೆಕ್ಕೆಗೆ ಗವಸಿನಂತೆ ತೊಡಿಸುವ ಬಟ್ಟೆಯ ಚೀಲ ಹೊಲಿದಿಟ್ಟೆ. ಚೆನ್ನಾಗಿರುವ ರೆಕ್ಕೆಗೆ ಮೊದಲು ಹೊದಿಸುವುದು, ಈರುಳ್ಳಿ ರೆಕ್ಕೆಯ ಗತಿ ಆಮೇಲೆ ನೋಡುವುದು ಎಂದು ನಮ್ಮ ಮೂವರ ಯೋಜನೆ.

ಸೋಮವಾರ ಯಜಮಾನರು ಮಡಿಯುಟ್ಟು ಬಂದರು. ವಿಭೂತಿ ಹಚ್ಚಿ, ಕೈಯಾರೆ ಮೊದಲ ಹೊಲಿಗೆ ಕತ್ತರಿಸಿದರು. ಅಷ್ಟರಲ್ಲಿ ಮಂಡಿಯಲ್ಲಿ ಹರಾಜು ಶುರುವಾಗಿ ಕರೆ ಬಂತು. ಪೂರ್ತಿ ಬಿಚ್ಚಿಡಿ ಬತ್ತೀನಿ ಎಂದು ಹೋದರು. ನಾನು ಒಂದೊಂದೇ ಪದರ ಬಿಚ್ಚಿದೆ. ಹೊರಗಿನವು ಗಟ್ಟಿಯಾಗಿದ್ದವು. ಕೊನೆಯ ಪದರಕ್ಕೆ ಕತ್ತರಿ ಹಾಕಿದಾಗ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ತಾಡಪಾಲಿನ ಒಳಮೈ ಬೆವರಿತ್ತು. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯ ಮೇಲೆ ಹೆಬ್ಬೆರಳು ಒತ್ತಿದೆ, ನೆನೆದ ಸೋಪಿಗೆ ಇಳಿದ ಹಾಗೆ ಇಳಿಯಿತು. ಪಕ್ಕೆಲುಬುಗಳನ್ನು ಹಿಡಿದಿದ್ದ ಅಂಟು ಪುಡಿಯಾಗಿ ಉದುರಿತು. ಆ ಕಾಲದ ಅಂಟು ಹಾಲಿನಿಂದ ಮಾಡಿದ್ದು, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲು ದಾರಿಯಿಲ್ಲದೆ ವರ್ಷಗಟ್ಟಲೆ ಅಲ್ಲೇ ಕೂತು ರೆಕ್ಕೆಯನ್ನು ತಿಂದಿತ್ತು.

ನಾನು ಏಣಿ ತಂದು ಈರುಳ್ಳಿ ರೆಕ್ಕೆಯ ಹತ್ತಿರ ಏರಿದೆ. ಸಿಪ್ಪೆ, ಧೂಳು ಒರೆಸಿ ಅಲ್ಲೂ ಒತ್ತಿದೆ. ಕಲ್ಲಿನಂತಿತ್ತು. ಬೆರಳ ಗೆಣ್ಣಿನಿಂದ ಉದ್ದಕ್ಕೂ ಕುಟ್ಟುತ್ತ ಹೋದೆ, ಎಲ್ಲೂ ಪೊಳ್ಳು ಸದ್ದು ಬರಲಿಲ್ಲ. ಈರುಳ್ಳಿಗೆಂದು ಬಿಟ್ಟ ಗಾಳಿ ಮರವನ್ನು ಕಾಪಾಡಿತ್ತು. ಬಿದಿರ ದಬ್ಬೆಗಳನ್ನು ಪರೀಕ್ಷಿಸಿದೆ. ಎಲ್ಲವನ್ನೂ ಗೋಣಿ ದಾರದಿಂದ ಕಟ್ಟಿದ್ದರು, ಒಂದೇ ಒಂದು ಮೊಳೆ ಹೊಡೆದಿರಲಿಲ್ಲ.  ಈ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು ಎಂದುಕೊಳ್ಳುತ್ತ ಏಣಿ ಇಳಿದೆ.

ಕ್ಯಾಪ್ಟನ್ ಮತ್ತು ಮೇಷ್ಟ್ರು ಬಂದು ನೋಡಿದರು. ಅಪರೂಪಕ್ಕೆ ಇಬ್ಬರದೂ ಒಂದೇ ಮಾತು. ಯಜಮಾನರು ಬರುವುದರೊಳಗೆ ಬಟ್ಟೆಯ ಚೀಲ ಎಳೆದು ಹೊಲಿದುಬಿಡು.

"ಇದೇನ್ ಹಾರ್ಬೇಕಾಗಿಲ್ವಲ್ಲ ಕಣ್ರೀ," ಎಂದರು ಕ್ಯಾಪ್ಟನ್. "ಮೇಲೆ ಬಟ್ಟೆ ಬಿಗಿಯಾಗಿದ್ರೆ ಸಾಕು. ಬೆಂಗಳೂರಿನವ್ರಿಗೆ ಪೂರ್ತಿ ವಿಮಾನ ಸಿಕ್ತದೆ, ಆ ಹಿರೀಕರ ಮನಸ್ಸೂ ಉಳೀತದೆ. ಸತ್ಯ ಹೇಳಿ ಅವರಿಗೆ ಏನ್ ಕೊಡ್ತೀರಿ ನೀವು?"

 ಚೀಲ ಸಿದ್ಧವಿತ್ತು. ಮಧ್ಯಾಹ್ನದೊಳಗೆ ಮುಚ್ಚಬಹುದಾಗಿತ್ತು. ಚೀಲವನ್ನು ರೆಕ್ಕೆಯ ತುದಿಗೆ ತೊಡಿಸಿಯೂ ನೋಡಿದೆ, ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ರೆಕ್ಕೆಗೆ ಬಟ್ಟೆ ಮುಚ್ಚುವ ಮುಂಚೆ ಹೊದಿಸುವವನನ್ನು ಬಿಟ್ಟು ಇನ್ನೊಬ್ಬರು ಒಳಗೆ ನೋಡಲೇಬೇಕು. ಮುಚ್ಚಿದ ಮೇಲೆ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಅದಕ್ಕೆ. ಇಷ್ಟು ವರ್ಷ ಆ ಎರಡನೇ ಕಣ್ಣು ಬೀಳದೆ ನಾನು ಒಂದು ಹೊಲಿಗೆಯನ್ನೂ ಹಾಕಿದವನಲ್ಲ. ಈ ರೆಕ್ಕೆಯ ಒಳಗೆ ನೋಡುವ ಹಕ್ಕು ಯಜಮಾನರಿಗಲ್ಲದೆ ಇನ್ನಾರಿಗಿತ್ತು? ನಾನು ಚೀಲವನ್ನು ತೆಗೆದು ಮಡಿಸಿಟ್ಟೆ. ಕೊಳೆತದ್ದರ ಮೇಲೆ ನಾನು ಹೊಲಿಯುವುದಿಲ್ಲ, ಬೇಕಾದರೆ ನೀವೇ ಸೂಜಿ ಹಿಡಿಯಿರಿ ಎಂದು ಇಬ್ಬರಿಗೂ ಹೇಳಿ, ಮಂಡಿಗೆ ಹೋಗಿ ಯಜಮಾನರನ್ನು ಕರೆತಂದೆ.

ಅವರು ರೆಕ್ಕೆಯ ಮುಂದೆ ನಿಂತು ನೋಡಿದರು. ನಾನು ಮಾತಿಗೆ ಬಣ್ಣ ಕಟ್ಟಲಿಲ್ಲ. ತೇವ ಒಳಗೇ ಉಳಿದು ಹೀಗಾಗಿದೆ, ಈರುಳ್ಳಿ ಹಾಕಿದ ರೆಕ್ಕೆ ಗಟ್ಟಿಯಾಗಿದೆ ಎಂದೆ. ಅವರು ನನ್ನ ಹಾಗೇ ಹೆಬ್ಬೆರಳು ಒತ್ತಿದರು. ಬೆರಳಿಗೆ ಅಂಟಿದ್ದನ್ನು ಪಂಚೆಗೆ ಒರೆಸಿಕೊಂಡರು.

"ನಾನೇ ಉಸಿರು ಕಟ್ಟಿಸ್ಬಿಟ್ಟೆ," ಎಂದರು. ಮಂಡಿಯ ಕಡೆ ಹೊರಟುಹೋದರು.

ಮಾರನೇ ದಿನ ಅವರು ಗೋದಾಮಿನ ಕಡೆ ಬರಲಿಲ್ಲ. ಆಮೇಲೂ ಬರಲಿಲ್ಲ. ಮಂಡಿಯಲ್ಲಿ ಕೂತರೂ ಸವಾಲು ಕೂಗುವುದಿಲ್ಲ, ಊಟ ಸರಿಯಾಗಿ ಮಾಡುವುದಿಲ್ಲ ಎಂದು ಸೊಸೆ ಹೇಳಿದರು. ಆಕೆ ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾವ ಇನ್ನೆಷ್ಟ್ ವರ್ಷ ಇರ್ತಾರಣ್ಣಾ. ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು?" ಎಂದು ಕೇಳಿ, ಕಾಫಿ ಲೋಟ ಇಟ್ಟು ಹೋದರು. 

ಗುಂಪಿನಲ್ಲಿ ನನ್ನ ವಿಚಾರಣೆ ನಡೆಯಿತು. ಗೋದಾಮನ್ನೇ ನೋಡದವರೂ ನನಗೆ ವ್ಯವಹಾರ ಜ್ಞಾನ ಇಲ್ಲ ಎಂದು ತೀರ್ಪು ಕೊಟ್ಟರು. ನಾನು ಫೋನು ಮುಚ್ಚಿಟ್ಟು, ಎಡಕ್ಕೆಂದು ಹೊಲಿದ ಚೀಲದ ಹೊಲಿಗೆ ಬಿಚ್ಚಲು ಕೂತೆ. ಎಡದ ಚೀಲ ಬಲಕ್ಕೆ ಆಗುವುದಿಲ್ಲ, ಮೇಲ್ಮೈ ಕೆಳಮೈ ಅದಲುಬದಲಾಗುತ್ತದೆ. ಬಲ ರೆಕ್ಕೆ ಇಳಿಸಿ, ಶುಚಿ ಮಾಡಿ, ತುದಿಯ ಕಡೆಯ ಅರ್ಧಕ್ಕೆ ಮಾತ್ರ ಬಟ್ಟೆ ಹೊದಿಸಿದೆ. ಮೇಣ ತೀಡಿದ ದಾರದಿಂದ ಒಂದೊಂದು ಪಕ್ಕೆಲುಬಿಗೂ ಬಟ್ಟೆಯನ್ನು ಬಿಗಿದೆ, ಪ್ರತಿ ಹೊಲಿಗೆಗೂ ಗಂಟು. ಮೈಯ ಕಡೆಯ ಅರ್ಧವನ್ನು ತೆರೆದೇ ಬಿಟ್ಟೆ, ಬಿದಿರ ದಬ್ಬೆಗಳ ಸಮೇತ. ಮೇಷ್ಟ್ರು ದಬ್ಬೆ ಕಿತ್ತುಹಾಕು ಎಂದು ಗೋಗರೆದರು. ಈ ವಿಮಾನ ಹಾರಿದ್ದು ಕೆಲವೇ ವರ್ಷ, ಈರುಳ್ಳಿ ಒಣಗಿಸಿದ್ದು ಒಂದು ಜೀವಮಾನ, ನೀವು ಇತಿಹಾಸದವರಾಗಿ ಯಾವುದನ್ನು ಅಳಿಸು ಎನ್ನುತ್ತೀರಿ ಎಂದು ಕೇಳಿದೆ.  ಮಧ್ಯಾಹ್ನ ಅವರು ಅಂಗಿಯ ತೋಳು ಮಡಿಸಿ, ಮೇಣ ತೀಡಲು ದಾರ ಕೇಳಿದರು.

ಸಂಗ್ರಹಾಲಯದಿಂದ ಒಬ್ಬ ಅಧಿಕಾರಿ ಹಬ್ಬದ ಹಿಂದಿನ ವಾರ ಬಂದರು. ನಡುವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಗುಜರಿಯವನು ಅವತ್ತು ಬೆಳಗ್ಗೆಯೇ ತೂಕದ ವಿಷಯ ಮಾತಾಡಿ ಹೋಗಿದ್ದ. ಆಕೆ ಬಾಲ ತಟ್ಟಿದರು, ಕೊಳವೆಗಳ ಬೆಸುಗೆ ನೋಡಿದರು. ಕೊಳೆತ ರೆಕ್ಕೆಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಕ್ಯಾಪ್ಟನ್ ಮುಖ ಕಪ್ಪಿಟ್ಟಿತು. ನಾನು ಹಟ ಮಾಡಿ ವಿಮಾನ ಕಳೆದೆನೇನೋ ಎನ್ನಿಸಿತು.

ಆಕೆ ಬಲ ರೆಕ್ಕೆಯ ಹತ್ತಿರ ಬಂದಾಗ ಹಿಂದಿನಿಂದ ಯಜಮಾನರು ಒಳಗೆ ಬಂದರು. ಕೈಯಲ್ಲಿ ಗೋಣಿ ದಾರದ ಉಂಡೆ ಇತ್ತು. ಸಡಿಲವಾಗಿದ್ದ ಒಂದು ದಬ್ಬೆಯನ್ನು ಸರಿಯಾಗಿ ಕೂರಿಸಿ, ದಾರ ಸುತ್ತಿ ಗಂಟು ಹಾಕಿದರು. ಇದು ಯಾರು ಕಟ್ಟಿದ್ದು ಎಂದು ಆಕೆ ಕೇಳಿದರು.

"ನಾನೇ ಕಣಮ್ಮ. ಇದ್ರ ಮೇಲೆ ಈರುಳ್ಳಿ ಒಣಗಿಸ್ತಿದ್ವಿ," ಎಂದರು. ನಾನು ಬಂದಾಗಿನಿಂದ ಆ ರೆಕ್ಕೆಯ ವಿಷಯವನ್ನು ಅವರು ತಲೆಯೆತ್ತಿ ಹೇಳಿದ್ದು ಅದೇ ಮೊದಲು.

ಆಕೆ ಇನ್ನೂ ಕೇಳಿದರು. ಗಾಳಿ ಯಾವ ಕಡೆಯಿಂದ, ಎಷ್ಟು ಹರವುತ್ತಿದ್ದಿರಿ, ಮೊಳೆ ಯಾಕೆ ಹೊಡೆಯಲಿಲ್ಲ. ಮೊಳೆ ಹೊಡೆದರೆ ಅದಕ್ಕೆ ನೋವಾಗುತ್ತದೆ ಎಂದು ಯಜಮಾನರು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡರು. ಆಕೆ ನಗಲಿಲ್ಲ. ಎರಡೂ ರೆಕ್ಕೆಗಳನ್ನು ಹೀಗೆಯೇ ಒಯ್ಯುತ್ತೇವೆ, ಬಲದ್ದನ್ನು ಮೈಗೆ ಜೋಡಿಸಿ, ಎಡದ್ದನ್ನು ಪಕ್ಕದಲ್ಲಿ ಮಲಗಿಸಿ ಇಡುತ್ತೇವೆ ಎಂದರು. ಬಣ್ಣದ ಬಗ್ಗೆ ಕ್ಯಾಪ್ಟನ್ ಕೇಳಿಯೇಬಿಟ್ಟರು. ಸದ್ಯಕ್ಕೆ ಬಣ್ಣ ಬೇಡ ಎಂದುಬಿಟ್ಟರು ಆಕೆ. ಮೂರು ತಿಂಗಳ ಜಗಳ ಮೂರೇ ಮಾತಿನಲ್ಲಿ ಮುಗಿಯಿತು.

ಹಬ್ಬ ಕಳೆದು ಲಾರಿ ಬಂತು. ಬಿಸಿಲು ಬಿದ್ದಿತ್ತು. ಹಮಾಲರು ಮೈಯನ್ನು ಏರಿಸಿದರು, ಬಾಲ ಏರಿಸಿದರು, ಕೊನೆಗೆ ರೆಕ್ಕೆಗಳನ್ನು ಹುಲ್ಲಿನ ಮೆತ್ತೆಯ ಮೇಲೆ ಇಟ್ಟು ಕಟ್ಟಿದರು. ಯಜಮಾನರು ಮಂಡಿಯ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ಡ್ರೈವರ್ ತನ್ನ ಅಭ್ಯಾಸದಂತೆ ಹೊಸ ತಾಡಪಾಲು ಬಿಡಿಸಿ ಎಲ್ಲದರ ಮೇಲೂ ಎಳೆದು ಹಗ್ಗ ಬಿಗಿಯತೊಡಗಿದ. ಒಂದು ದಿನದ ದಾರಿ, ಏನೂ ಆಗುವುದಿಲ್ಲ, ನನಗೆ ಗೊತ್ತಿತ್ತು. 

ಯಜಮಾನರು ಜಗುಲಿಯಿಂದ ಇಳಿದು ಲಾರಿಯ ಹತ್ತಿರ ಬಂದರು.  ಅಷ್ಟು ಜನರ ಮುಂದೆ ಮುಚ್ಚಬೇಡ ಎನ್ನಲು ಅವರಿಗೆ ಆಗಲಿಲ್ಲ. ತಾಡಪಾಲಿನ ಅಂಚನ್ನು ಮಾತ್ರ ಬೆರಳಲ್ಲಿ ಹಿಡಿದುಕೊಂಡು ನಿಂತರು.

ಇಷ್ಟು ದಿನ ಗೋದಾಮಿನಲ್ಲಿ ಒಂದು ಮೊಳೆ ಎತ್ತಿಡದಿದ್ದ ಕ್ಯಾಪ್ಟನ್ ಚಪ್ಪಲಿ ಬಿಟ್ಟು, ಏದುಸಿರು ಬಿಡುತ್ತ ಲಾರಿ ಹತ್ತಿದರು.  ಹಗ್ಗದ ಗಂಟು ಬಿಚ್ಚಿ ತಾಡಪಾಲನ್ನು ಸುತ್ತಿ ಕ್ಯಾಬಿನ್ನಿನ ಮೇಲೆ ಎಸೆದರು. ಡ್ರೈವರ್ ಗೊಣಗಿದ. ಮಳೆ ಬಂದರೆ ಹಾಕಪ್ಪ, ನಿಂತ ಮೇಲೆ ತೆಗಿ ಎಂದು ನಾನು ಹೇಳಿದೆ.

ಲಾರಿ ರೈಲ್ವೆ ಗೇಟಿನ ಕಡೆ ತಿರುಗುವವರೆಗೂ ಯಜಮಾನರು ರಸ್ತೆಯ ಮಧ್ಯದಲ್ಲೇ ನಿಂತಿದ್ದರು. ತೆರೆದ ರೆಕ್ಕೆಯ ದಬ್ಬೆಗಳ ಸಂದಿಯಿಂದ ಒಣಗಿದ ಈರುಳ್ಳಿ ಸಿಪ್ಪೆ ಗಾಳಿಗೆ ಎದ್ದು ರಸ್ತೆಯ ಮೇಲೆ ಬೀಳುತ್ತಿತ್ತು.

"ಈಗ ಉಸಿರಾಡ್ತೈತೆ ನೋಡಪ್ಪಾ," ಎಂದರು. ಆಮೇಲೆ ಹರಾಜಿಗೆ ಹೊತ್ತಾಯಿತು ಎಂದು ಮಂಡಿಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರು ಸವಾಲು ಕೂಗುವ ದನಿ ಕೇಳಿಸಿತು.